ಒಂದೇ ಪದದ ನೆನಪು

16, 17, 19, 21, 23, 25, 28, 31, 34... ಹೀಗೆ ಏರುತ್ತ ಹೋಗಿ 1552ಕ್ಕೆ ನಿಲ್ಲುವ 49 ಸಂಖ್ಯೆಗಳ ಒಂದು ಪಟ್ಟಿ ಇದೆ. ಅಕ್ಕಪಕ್ಕದ ಯಾವ ಎರಡನ್ನು ತೆಗೆದುಕೊಂಡರೂ ಮುಂದಿನದು ಹಿಂದಿನದಕ್ಕಿಂತ ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು ದೊಡ್ಡದು. ಟೆಲಿಫೋನಿನಲ್ಲಿ ರೆಕಾರ್ಡ್ ಆದ ಹಳೆಯ ಮಾತುಗಳನ್ನು ಸ್ಟುಡಿಯೋದಲ್ಲಿ ಕತ್ತರಿಸಿ ಜೋಡಿಸಬಹುದಾದ ವೇವ್ ಫೈಲ್ ಮಾಡಿಕೊಡುವ ತಂತ್ರಾಂಶಗಳ ಹೊಟ್ಟೆಯಲ್ಲಿ ಈ ಪಟ್ಟಿ ಕೂತಿರುತ್ತದೆ. ಇದಿಲ್ಲದಿದ್ದರೆ ಆ ಫೈಲಿನಲ್ಲಿ ಸಿಗುವುದು ಬರೀ ಸೊರ್ರೆನ್ನುವ ಗದ್ದಲ. ಇದಿದ್ದರೆ ಇಪ್ಪತ್ತೈದು ವರ್ಷದ ಹಿಂದೆ ಯಾರೋ ಫೋನ್ ಮಾಡಿ ಬಿಟ್ಟ ಸಂದೇಶ ಕೇಳಿಸುತ್ತದೆ.

ಆ ಫೈಲುಗಳ ಹೆಸರಿನ ಕೊನೆಗೆ 'ವಾಕ್ಸ್' ಎಂಬ ಬಾಲ ಇರುತ್ತದೆ. ಧ್ವನಿ ಅಂಚೆ ಪೆಟ್ಟಿಗೆಗಳು, 'ಇಂಥದಕ್ಕೆ ಒಂದು ಒತ್ತಿ, ಅಂಥದಕ್ಕೆ ಎರಡು ಒತ್ತಿ' ಎನ್ನುವ ಯಂತ್ರಗಳು, ಕಾಲ್ ಸೆಂಟರುಗಳ ದಾಖಲೆಗಳು – ಕಳೆದ ಶತಮಾನದ ಕೊನೆಯ ಹದಿನೈದು ವರ್ಷ ಇಂಥ ಕಡೆ ಕೂಡಿಬಿದ್ದ ಮಾತೆಷ್ಟೋ ಈ ರೂಪದಲ್ಲಿದೆ. ಸಾಕ್ಷ್ಯಚಿತ್ರ ಮಾಡುವವರಿಗೋ ನ್ಯಾಯಾಲಯಕ್ಕೋ ಇತಿಹಾಸಕಾರರಿಗೋ ಅದು ಬೇಕಾದಾಗ ಸೌಂಡ್ ಎಂಜಿನಿಯರ್ ಕೈಗೆ ಬರುತ್ತದೆ. ಬಂದಾಗ ಮೊದಲು ಕಾಡುವುದು ಅದರ ಮೌನ. ವೇವ್ ಫೈಲಿನ ತಲೆಯಲ್ಲಿ ತನ್ನ ಪರಿಚಯ ಬರೆದಿರುತ್ತದೆ: ಸೆಕೆಂಡಿಗೆ ಎಷ್ಟು ಸ್ಯಾಂಪಲ್, ಅಂದರೆ ಅಲೆಯ ಎತ್ತರವನ್ನು ಎಷ್ಟು ಸಲ ಅಳೆದದ್ದು, ಒಂದೊಂದಕ್ಕೆ ಎಷ್ಟು ಬಿಟ್, ಒಂದು ಚಾನೆಲ್ಲೋ ಎರಡೋ. ವಾಕ್ಸ್ ಫೈಲಿಗೆ ತಲೆಯೇ ಇಲ್ಲ. ಮೊದಲ ಬೈಟ್‌ನಿಂದಲೇ ಮಾತು ಶುರು. ಅಲ್ಲದೆ ಒಂದು ಸ್ಯಾಂಪಲ್ಲಿಗೆ ಇರುವುದು ನಾಲ್ಕೇ ಬಿಟ್. ನಾಲ್ಕು ಬಿಟ್‌ನಲ್ಲಿ ಹದಿನಾರು ಬೆಲೆಗಳನ್ನಷ್ಟೇ ಹೇಳಬಹುದು. ಪಿಸುಮಾತಿನಿಂದ ಕೂಗಿನವರೆಗೆ ಏರಿಳಿಯುವ ಮನುಷ್ಯನ ದನಿಗೆ ಹದಿನಾರು ಮೆಟ್ಟಿಲು ಸಾಲುವುದಾದರೂ ಹೇಗೆ?

ಸಾಲುವಂತೆ ಮಾಡಿದ ಕತೆ ನ್ಯೂಜೆರ್ಸಿಯ ಮರೇ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ ನಡೆಯಿತು. ಅದರ ನಡುವೆ ಇರುವ ಹೆಸರು ನಮ್ಮ ಕಡೆಯದು: ನುಗ್ಗೇಹಳ್ಳಿ ಎಸ್. ಜಯಂತ್.

ಸ್ವಲ್ಪ ಹಿಂದಕ್ಕೆ ಹೋಗಬೇಕು. ದನಿಯನ್ನು ಸಂಖ್ಯೆಗಳ ಸಾಲಾಗಿ ಕಳಿಸಬಹುದು ಎಂದು ಮೊದಲು ಸ್ಪಷ್ಟವಾಗಿ ಕಂಡುಕೊಂಡವರು ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್. 1930ರ ದಶಕದ ಕೊನೆಯಲ್ಲಿ, ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದಾಗ. ಅದಕ್ಕೆ ಪಿಸಿಎಂ ಎಂದು ಹೆಸರು ಬಿತ್ತು. ಟ್ರಾನ್ಸಿಸ್ಟರ್ ಕೂಡ ಹುಟ್ಟಿರದ ಕಾಲ. ಆಲೋಚನೆ ಇತ್ತು, ಕಟ್ಟುವ ಸಾಮಾನು ಇರಲಿಲ್ಲ. 1962ರಲ್ಲಿ ಅಮೆರಿಕದ ಟೆಲಿಫೋನ್ ಜಾಲಕ್ಕೆ ಅದು ವ್ಯಾಪಾರದ ಮಟ್ಟದಲ್ಲಿ ಬಂತು. ಮುಂದೆ ಜಗತ್ತಿನ ಫೋನುಗಳೆಲ್ಲ ಒಪ್ಪಿಕೊಂಡ ಲೆಕ್ಕ ಹೀಗೆ: ಸೆಕೆಂಡಿಗೆ 8000 ಸ್ಯಾಂಪಲ್, ಒಂದೊಂದಕ್ಕೆ 8 ಬಿಟ್, ಒಟ್ಟು 64,000 ಬಿಟ್. ತಂತಿಯ ಮೇಲೆ ಕಳಿಸಲು ಅದೇನೂ ಪರವಾಗಿಲ್ಲ. ಆದರೆ ಕಂಪ್ಯೂಟರಿನಲ್ಲಿ ಕೂಡಿಡಬೇಕು ಎಂದಾಗ, ಅದೂ ಡಿಸ್ಕಿನ ಒಂದೊಂದು ಮೂಲೆಗೂ ಬೆಲೆ ಕಟ್ಟುತ್ತಿದ್ದ ಆ ದಿನಗಳಲ್ಲಿ, 64,000 ಎಂದರೆ ದುಂದು.

ಉಳಿತಾಯದ ದಾರಿಯೊಂದನ್ನು ಅದೇ ಪ್ರಯೋಗಾಲಯದ ಚೇಪಿನ್ ಕಟ್ಲರ್ 1950ರಲ್ಲೇ ಪೇಟೆಂಟಿಗೆ ಬರೆದು ಕೊಟ್ಟಿದ್ದರು. 1952ರಲ್ಲಿ ಅದು ಮಂಜೂರಾಯಿತು. ಮಾತಿನ ಒಂದು ಸ್ಯಾಂಪಲ್ಲಿಗೂ ಮುಂದಿನದಕ್ಕೂ ಬಹಳ ದೂರವಿರುವುದಿಲ್ಲ. ಹಾಗಾಗಿ ಪೂರ್ತಿ ಬೆಲೆ ಕಳಿಸುವ ಬದಲು ಹಿಂದಿನದನ್ನು ನೋಡಿ ಮುಂದಿನದು ಇಷ್ಟಿದ್ದೀತು ಎಂದು ಊಹಿಸಿ, ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಕಳಿಸಿದರೆ ಸಾಕು. ಕೇಳುವ ತುದಿಯಲ್ಲೂ ಅದೇ ಊಹೆ ಮಾಡಿಕೊಂಡು, ಬಂದ ವ್ಯತ್ಯಾಸವನ್ನು ಕೂಡಿಸಿಕೊಂಡರಾಯಿತು. ವ್ಯತ್ಯಾಸ ಚಿಕ್ಕದು, ಆದ್ದರಿಂದ ಬಿಟ್ ಕಡಿಮೆ. ಡಿಪಿಸಿಎಂ ಎಂದರೆ ಇಷ್ಟೇ.

ಆದರೆ 'ಚಿಕ್ಕದು' ಎಂದರೆ ಎಷ್ಟು ಚಿಕ್ಕದು? ತೊಡಕು ಇಲ್ಲಿತ್ತು. ಕಣದಲ್ಲಿ ರಾಗಿ ರಾಶಿ ಅಳೆಯಲು ಕೊಳಗ ಬೇಕು, ಒಲೆಯ ಮುಂದೆ ಅಕ್ಕಿ ಅಳೆಯಲು ಪಾವು ಬೇಕು. ಒಂದನ್ನೇ ಎರಡು ಕಡೆಯೂ ಹಿಡಿದರೆ ಕೆಲಸ ಕೆಡುತ್ತದೆ. ವ್ಯತ್ಯಾಸವನ್ನು ಅಳೆಯುವ ಮಾನ ಸಣ್ಣದಾಗಿದ್ದರೆ 'ಆ' ಎಂದು ಬಾಯಿ ತೆರೆದ ಕೂಡಲೇ ಜಿಗಿಯುವ ಅಲೆಯನ್ನು ಹಿಂಬಾಲಿಸಲಾಗದೆ ಹಿಂದೆ ಬೀಳುತ್ತೇವೆ, ದನಿ ಕುಂಟುತ್ತದೆ. ದೊಡ್ಡದಾಗಿದ್ದರೆ ಮೆಲುದನಿಯ 'ಸ', 'ಹ' ಬಂದಾಗ ಅಲೆಗಿಂತ ಅಳತೆಯ ಒರಟುತನವೇ ಹೆಚ್ಚು ಕೇಳುತ್ತದೆ. ಒಂದೇ ಪದದೊಳಗೆ, ಒಂದು ಅಕ್ಷರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ, ಮಾತಿನ ಜೋರು ಹತ್ತಾರು ಪಟ್ಟು ಬದಲಾಗುತ್ತದೆ. ಅಳತೆಯೂ ಅಷ್ಟೇ ಚುರುಕಾಗಿ ಹಿಗ್ಗಿ ಕುಗ್ಗಬೇಕು.

ಈಗ ಇಂಥ ಅಳತೆ ಹಿಡಿದಿದ್ದೇನೆ ಎಂದು ಕಳಿಸುವವನು ಆಗಾಗ ಹೇಳುತ್ತಿರಬಹುದು. ಆದರೆ ಹಾಗೆ ಹೇಳಲಿಕ್ಕೂ ಬಿಟ್ ಬೇಕು. ಉಳಿಸಿದ್ದರಲ್ಲಿ ಒಂದಿಷ್ಟು ಅದಕ್ಕೇ ಖರ್ಚು. ಹೇಳದೆಯೇ ಎರಡೂ ತುದಿಯವರು ಒಂದೇ ಅಳತೆ ಹಿಡಿಯುವಂತೆ ಮಾಡಲು ಸಾಧ್ಯವೇ?

ಜಯಂತ್ ಈ ಪ್ರಶ್ನೆಗೆ ಬಂದದ್ದು ಬೆಂಗಳೂರಿನಿಂದ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ, ಗಣಿತ ಓದಿ 1962ರಲ್ಲಿ ಬಿಎಸ್ಸಿ ಮುಗಿಸಿದ ಅವರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಊರವರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಲೆಕ್ಟ್ರಿಕಲ್ ಕಮ್ಯುನಿಕೇಶನ್ ವಿಭಾಗ ಸೇರಿದರು. 1965ರಲ್ಲಿ ಬಿಇ, 1970ರಲ್ಲಿ ಪಿಎಚ್.ಡಿ. ಡಾಕ್ಟರೇಟ್ ಪದವಿ ಕೈಗೆ ಬರುವ ಮೊದಲೇ, 1968ರಲ್ಲಿ, ಬೆಲ್ ಪ್ರಯೋಗಾಲಯ ಸೇರಿಯಾಗಿತ್ತು. ಆ ವಿಭಾಗಕ್ಕೂ ಮರೇ ಹಿಲ್‌ಗೂ ನಡುವೆ ಅದಾಗಲೇ ಕಾಲುದಾರಿ ಬಿದ್ದಿತ್ತೆನ್ನಬೇಕು. ಕಾನ್ಪುರದ ಬಿಷ್ಣು ಅಟಲ್ 1957ರಿಂದ 1960ರವರೆಗೆ ಇದೇ ವಿಭಾಗದಲ್ಲಿ ಧ್ವನಿವಿಜ್ಞಾನ ಪಾಠ ಮಾಡಿ, 1961ರಲ್ಲಿ ಬೆಲ್ ಪ್ರಯೋಗಾಲಯಕ್ಕೆ ಹೋಗಿದ್ದರು. ಇವತ್ತಿನ ಮೊಬೈಲ್ ಕರೆಗಳು ನಿಂತಿರುವುದು ಅಟಲ್ ಮತ್ತು ಮ್ಯಾನ್‌ಫ್ರೆಡ್ ಶ್ರೋಡರ್ ಕಟ್ಟಿದ ಗಣಿತದ ಮೇಲೆ. ಅವರು ಸುಧಾರಿಸಿದ್ದು ಊಹೆಯನ್ನು. ಜಯಂತ್ ಹಿಡಿದದ್ದು ಅಳತೆಯನ್ನು. ಊಹೆಯ ಗಣಿತ ಸೊಗಸಾದದ್ದು, ಅದಕ್ಕೆ ಸಿಕ್ಕ ಕೀರ್ತಿಯೂ ದೊಡ್ಡದು. ಅಳತೆಯ ಕತೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ನನಗಂತೂ ಇದರ ಸರಳತೆಯೇ ಹೆಚ್ಚು ಇಷ್ಟ.

1970ರ ಮಾರ್ಚ್‌ನ ಬೆಲ್ ಸಿಸ್ಟಮ್ ಟೆಕ್ನಿಕಲ್ ಜರ್ನಲ್‌ನಲ್ಲಿ ಜಯಂತ್ ಅವರ ಒಂದು ಪ್ರಬಂಧ ಬಂತು. ಅದು ಡೆಲ್ಟಾ ಮಾಡ್ಯುಲೇಶನ್ ಕುರಿತದ್ದು. ಅಂದರೆ ಜಿಪುಣತನದ ಪರಮಾವಧಿ: ಒಂದು ಸ್ಯಾಂಪಲ್ಲಿಗೆ ಒಂದೇ ಬಿಟ್. ಮೇಲಕ್ಕೋ ಕೆಳಕ್ಕೋ, ಅಷ್ಟೇ ಹೇಳುವುದು. ಎಷ್ಟು ಮೇಲಕ್ಕೆ ಎಂಬುದನ್ನು ಅಳತೆ ನಿರ್ಧರಿಸಬೇಕು. ಜಯಂತ್ ಹೇಳಿದ ನಿಯಮ ಒಂದೇ ವಾಕ್ಯದ್ದು. ಈಗ ಬಂದ ಬಿಟ್ಟೂ ಹಿಂದಿನ ಬಿಟ್ಟೂ ಒಂದೇ ಆಗಿದ್ದರೆ ಅಳತೆಯನ್ನು ಒಂದೂವರೆ ಪಟ್ಟು ಹಿಗ್ಗಿಸು. ಬೇರೆಯಾಗಿದ್ದರೆ ಮೂರರಲ್ಲಿ ಎರಡು ಪಾಲಿಗೆ ಇಳಿಸು. 'ಮೇಲೆ, ಮೇಲೆ, ಮೇಲೆ' ಎಂದು ಬರುತ್ತಲೇ ಇದ್ದರೆ ನಾವು ಅಲೆಯ ಹಿಂದೆ ಬಿದ್ದಿದ್ದೇವೆ ಎಂದರ್ಥ, ಹೆಜ್ಜೆ ದೊಡ್ಡದಾಗಲಿ. 'ಮೇಲೆ, ಕೆಳಗೆ, ಮೇಲೆ' ಎಂದು ತೂಗಾಡುತ್ತಿದ್ದರೆ ಅಲೆಯ ಆಸುಪಾಸಿನಲ್ಲೇ ಇದ್ದೇವೆ, ಹೆಜ್ಜೆ ಸಣ್ಣದಾಗಲಿ. ಇದಕ್ಕೆ ಬೇಕಾದ ನೆನಪು ಎಷ್ಟು? ಹಿಂದಿನ ಒಂದು ಬಿಟ್. ಆ ಬಿಟ್ ಕೇಳುವವನ ಬಳಿಯೂ ಇದ್ದೇ ಇದೆ, ಈಗತಾನೆ ಅವನಿಗೂ ಬಂದು ತಲುಪಿದ್ದು ಅದೇ. ಹಾಗಾಗಿ ಅಳತೆಯ ವಿಷಯ ಯಾರೂ ಯಾರಿಗೂ ಹೇಳಬೇಕಾಗಿಲ್ಲ.

ಒಂದು ಬಿಟ್‌ಗೆ ಒಗ್ಗಿದ್ದು ನಾಲ್ಕಕ್ಕೆ ಒಗ್ಗೀತೇ ಎಂಬುದು ಮುಂದಿನ ಪ್ರಶ್ನೆ. ಉತ್ತರ ಅದೇ ಜರ್ನಲ್‌ನ 1973ರ ಸೆಪ್ಟೆಂಬರ್ ಸಂಚಿಕೆಯಲ್ಲಿದೆ. ಅದರಲ್ಲಿ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಪ್ರಬಂಧಗಳಿವೆ. ಮೊದಲನೆಯದು ಪಿ. ಕಮಿಸ್ಕಿ, ಜಯಂತ್ ಮತ್ತು ಜೇಮ್ಸ್ ಫ್ಲಾನಗನ್ ಮೂವರದು. ಡಿಪಿಸಿಎಂಗೆ ಹಿಗ್ಗಿ ಕುಗ್ಗುವ ಅಳತೆಯನ್ನು ಸೇರಿಸಿ, ಎಡಿಪಿಸಿಎಂ ಎಂದು ಈಗ ಎಲ್ಲರೂ ಕರೆಯುವ ಯಂತ್ರವನ್ನು ಕಟ್ಟಿ ತೋರಿಸಿದ್ದು. ಅದರ ಹಿಂದೆಯೇ ಜಯಂತ್ ಒಬ್ಬರೇ ಬರೆದದ್ದು, ಅಳತೆಯ ನಿಯಮದ ಗಣಿತ. ಶೀರ್ಷಿಕೆಯಲ್ಲೇ ಅದರ ಸಾರವಿದೆ: ಒಂದೇ ಪದದ ನೆನಪಿನಿಂದ ಹೊಂದಿಕೊಳ್ಳುವ ಅಳತೆ. ಪದ ಎಂದರೆ ಇಲ್ಲಿ ಹಿಂದಿನ ಸ್ಯಾಂಪಲ್ಲಿನ ಸಂಕೇತ, ನಾಲ್ಕು ಬಿಟ್‌ಗಳ ಗುಂಪು.

ನಾಲ್ಕರಲ್ಲಿ ಒಂದು ಬಿಟ್ ಏರಿಕೆಯೋ ಇಳಿಕೆಯೋ ಎಂಬುದಕ್ಕೆ ಹೋಯಿತು. ಉಳಿದ ಮೂರರಲ್ಲಿ ಎಂಟು ಗಾತ್ರಗಳು, ಸೊನ್ನೆಯಿಂದ ಏಳರವರೆಗೆ. ಬಂದ ಸಂಕೇತ ಕೆಳಗಿನ ನಾಲ್ಕರಲ್ಲಿ ಒಂದಾಗಿದ್ದರೆ ಈಗಿನ ಅಳತೆ ಧಾರಾಳವಾಯಿತು, 0.9ರಿಂದ ಗುಣಿಸು. ಮೇಲಿನ ನಾಲ್ಕರಲ್ಲಿದ್ದರೆ ಅಳತೆ ಸಾಲುತ್ತಿಲ್ಲ, ಕ್ರಮವಾಗಿ 1.2, 1.6, 2.0, 2.4ರಿಂದ ಗುಣಿಸು. ಮಾತಿನ ಮೇಲೆ ಪ್ರಯೋಗ ಮಾಡಿ ಕಂಡುಕೊಂಡ ಅಂಕಿಗಳು ಇವು. ಏರುವುದು ಜೋರು, ಇಳಿಯುವುದು ನಿಧಾನ. ಹೀಗೆ ಓರೆಯಾಗಿದ್ದರೆ ಅಳತೆ ಏರುತ್ತಲೇ ಹೋಗುವುದಿಲ್ಲವೇ ಎಂದು ಅನುಮಾನ ಬರುವುದು ಸಹಜ. ಹೋಗುವುದಿಲ್ಲ. ಮಾತಿನಲ್ಲಿ ಸಣ್ಣ ವ್ಯತ್ಯಾಸಗಳು ಪದೇ ಪದೇ ಬರುತ್ತವೆ, ದೊಡ್ಡವು ಅಪರೂಪ. ಸಣ್ಣ ಸಣ್ಣದಾಗಿ ಹಲವು ಸಲ ಇಳಿದದ್ದೂ, ಒಮ್ಮೆ ಧುತ್ತೆಂದು ಏರಿದ್ದೂ ಸರಿಸಮ ಆಗುವ ಹಾಗೆ ಅಂಕಿಗಳನ್ನು ಹೊಂದಿಸಬೇಕು. ಆ ಸರಿಸಮದ ಷರತ್ತನ್ನು ಎರಡನೆಯ ಪ್ರಬಂಧ ಕಟ್ಟಿಕೊಡುತ್ತದೆ. ಕೂಡುವುದಕ್ಕೆ ಬದಲು ಗುಣಿಸಿದ್ದೇಕೆ ಎಂಬುದಕ್ಕೂ ಕಾರಣವಿದೆ. ಪಿಸುದನಿಯಿಂದ ಕೂಗಿಗೆ ಹೋಗುವಾಗ ಬದಲಾಗುವುದು ಪಟ್ಟುಗಳಲ್ಲಿ. ಕೂಡುತ್ತ ಕೂಡುತ್ತ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅಕ್ಷರವೇ ಮುಗಿದಿರುತ್ತದೆ.

ಈಗ ಆ 49 ಸಂಖ್ಯೆಗಳ ಪಟ್ಟಿಗೆ ಬರೋಣ. ಅಲ್ಲಿ ಒಂದು ಮೆಟ್ಟಿಲು ಎಂದರೆ 1.1 ಪಟ್ಟು. ಅದರ ಜೊತೆಗೆ ಇನ್ನೊಂದು ಪುಟ್ಟ ನಿಯಮ: ಸಂಕೇತದ ಗಾತ್ರ 0, 1, 2, 3 ಆದರೆ ಒಂದು ಮೆಟ್ಟಿಲು ಇಳಿ, 4 ಆದರೆ ಎರಡು ಹತ್ತು, 5 ಆದರೆ ನಾಲ್ಕು, 6 ಆದರೆ ಆರು, 7 ಆದರೆ ಎಂಟು. 1.1 ಅನ್ನು ಅಷ್ಟಷ್ಟು ಸಲ ಗುಣಿಸಿ ನೋಡಿ: ಇಳಿಯುವಾಗ 0.91, ಹತ್ತುವಾಗ 1.21, 1.46, 1.77, 2.14. ಜಯಂತರ 0.9, 1.2, 1.6, 2.0, 2.4ರ ಪಕ್ಕದಲ್ಲಿ ಇಟ್ಟರೆ ಸಂಬಂಧ ಯಾರಿಗಾದರೂ ಕಾಣುತ್ತದೆ. ಗುಣಾಕಾರವನ್ನೆಲ್ಲ ಮೊದಲೇ ಮಾಡಿ ಪಟ್ಟಿಯಲ್ಲಿ ಬರೆದಿಟ್ಟಿದ್ದಾರೆ. ಚಿಪ್‌ಗೆ ಉಳಿದ ಕೆಲಸ ಬೆರಳನ್ನು ಮೇಲಕ್ಕೋ ಕೆಳಕ್ಕೋ ಸರಿಸುವುದು. ಗುಣಿಸಲು ಬಾರದ ಅಗ್ಗದ ಚಿಪ್ಪೂ ಇದನ್ನು ಮಾಡೀತು.

ಒಂದು ಉದಾಹರಣೆಯನ್ನು ಕೈಯಾರೆ ಬಿಡಿಸಬಹುದು. ಸದ್ದಿಲ್ಲದ ಸ್ಥಿತಿಯಿಂದ ಹೊರಡೋಣ: ಅಲೆಯ ಎತ್ತರ 0, ಅಳತೆ ಪಟ್ಟಿಯ ತಳದ 16. ಫೈಲಿನಿಂದ 0111 ಎಂಬ ನಾಲ್ಕು ಬಿಟ್ ಬಂತು. ಮೊದಲ ಸೊನ್ನೆ ಎಂದರೆ ಏರಿಕೆ. ಮುಂದಿನ ಮೂರು ಬಿಟ್‌ಗಳು ಅಳತೆಯ ಪೂರ್ತಿ, ಅರ್ಧ, ಕಾಲು ಭಾಗಗಳನ್ನು ಕೂಡಿಸು ಎನ್ನುತ್ತವೆ. ಜೊತೆಗೆ ಅರೆಕಾಲು ಯಾವಾಗಲೂ ಉಚಿತ. 16, 8, 4, 2 ಕೂಡಿದರೆ 30. ಅಲೆ ಈಗ 30ರಲ್ಲಿದೆ. ಸಂಕೇತದ ಗಾತ್ರ ಏಳಾದ್ದರಿಂದ ಎಂಟು ಮೆಟ್ಟಿಲು ಹತ್ತಿ ಅಳತೆ 34 ಆಯಿತು. ಮತ್ತೆ 0111. 34, 17, 8, 4: ಈ ಸಲ 63. ಅಲೆ 93ಕ್ಕೆ, ಅಳತೆ 73ಕ್ಕೆ. ಮತ್ತೊಮ್ಮೆ ಅದೇ ಬಂದರೆ 136 ಕೂಡಿ ಅಲೆ 229, ಅಳತೆ 157. ಒಂದೇ ಸಂಕೇತ ಮೂರು ಸಲ ಬಂತು, ಮೂರು ಸಲವೂ ಅದರ ಬೆಲೆ ಬೇರೆ. ಇಡೀ ಯುಕ್ತಿ ಇದರಲ್ಲಿದೆ. ಹದಿನಾರೇ ಸಂಕೇತಗಳಿದ್ದರೂ ಅವು ಹೇಳುವ ಬೆಲೆಗಳು ಹದಿನಾರಲ್ಲ. ಅದುವರೆಗೆ ಏನು ಬಂದಿದೆ ಎಂಬುದರ ಮೇಲೆ ಪ್ರತಿ ಸಂಕೇತದ ಅರ್ಥ ನಿಲ್ಲುತ್ತದೆ. ಪಟ್ಟಿಯ ತಳದಿಂದ ತುದಿಗೆ ಆರು ಸ್ಯಾಂಪಲ್ಲುಗಳಲ್ಲಿ ಏರಬಹುದು. ತುದಿಯಿಂದ ತಳಕ್ಕೆ ಇಳಿಯಲು ಮಾತ್ರ 48 ಬೇಕು, 8000ದ ಲೆಕ್ಕದಲ್ಲಿ ಸೆಕೆಂಡಿನ ಸಾವಿರ ಭಾಗಗಳಲ್ಲಿ ಆರು.

ಮರೇ ಹಿಲ್‌ನವರು ಇದನ್ನು ಗಣಿತದಲ್ಲಿ ಗೆದ್ದೆವೆಂದು ಬಿಟ್ಟುಬಿಡಲಿಲ್ಲ, ಜನರನ್ನು ಕೂರಿಸಿ ಕೇಳಿಸಿದರು. ಅಲ್ಲೊಂದು ಸ್ವಾರಸ್ಯ. ಮೀಟರಿನಲ್ಲಿ ಗದ್ದಲ ಅಳೆದರೆ ನಾಲ್ಕು ಬಿಟ್‌ನ ಎಡಿಪಿಸಿಎಂ ಹಳೆಯ ಪಿಸಿಎಂ ವಿಧಾನದ ಐದು ಬಿಟ್‌ಗಿಂತ ಮೇಲು, ಆರು ಬಿಟ್‌ಗಿಂತ ಕೆಳಗೆ. ಕೇಳುಗರು ಒಪ್ಪಲಿಲ್ಲ. ಅವರಿಗೆ ನಾಲ್ಕು ಬಿಟ್‌ನದು ಆರು ಬಿಟ್‌ನದಕ್ಕಿಂತ ಚೆನ್ನಾಗಿ ಕೇಳಿತು. ಏಳು ಬಿಟ್‌ನದು ಮಾತ್ರ ಅದನ್ನು ಮೀರಿಸಿತು. ಮೂರು ಬಿಟ್‌ನ ಎಡಿಪಿಸಿಎಂ ವಿಷಯದಲ್ಲೂ ಕಿವಿ ಮೀಟರಿಗಿಂತ ಒಂದು ಸ್ಥಾನ ಮೇಲೆ ಕೂರಿಸಿತು. ಈ ವಿಧಾನದ ತಪ್ಪುಗಳು ಮಾತಿನ ಜೊತೆಜೊತೆಗೇ ದೊಡ್ಡವೂ ಸಣ್ಣವೂ ಆಗುತ್ತವೆ. ಮಾತು ಜೋರಾದಾಗ ಗದ್ದಲವೂ ಜೋರು, ಆದರೆ ಮಾತೇ ಅದನ್ನು ಮುಚ್ಚುತ್ತದೆ. ಮಾತು ನಿಂತಾಗ ಗದ್ದಲವೂ ಅಡಗುತ್ತದೆ. ಯಂತ್ರದ ಲೆಕ್ಕದಲ್ಲಿ ಎಲ್ಲ ತಪ್ಪಿಗೂ ಒಂದೇ ದಂಡ. ಕಿವಿಯ ಲೆಕ್ಕ ಬೇರೆ.

ಮೂವರಲ್ಲಿ ಹಿರಿಯರಾದ ಫ್ಲಾನಗನ್ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗಬೇಕು. ಈ ಪ್ರಬಂಧ ಬಂದ ಆಸುಪಾಸಿನಲ್ಲೇ ಅವರಿಗೆ ಇನ್ನೊಂದು ಧ್ವನಿಮುದ್ರಣದ ಕೆಲಸ ಬಂತು. ವಾಟರ್‌ಗೇಟ್ ಹಗರಣದಲ್ಲಿ ಅಧ್ಯಕ್ಷ ನಿಕ್ಸನ್ ಅವರ ಕಚೇರಿಯ ಟೇಪೊಂದರಲ್ಲಿ ಹದಿನೆಂಟೂವರೆ ನಿಮಿಷ ಮಾತು ಅಳಿಸಿಹೋಗಿತ್ತಲ್ಲ, ಅದನ್ನು ಪರೀಕ್ಷಿಸಲು ನೇಮಿಸಿದ ಆರು ಮಂದಿ ತಜ್ಞರಲ್ಲಿ ಫ್ಲಾನಗನ್ ಒಬ್ಬರು. ಅಳಿಸಿ ಮತ್ತೆ ಮುದ್ರಿಸಿದ್ದು ಹಲವು ಸಲ ಎಂದು ಆ ತಂಡ 1974ರಲ್ಲಿ ವರದಿ ಕೊಟ್ಟಿತು.

ಅದೇ ವರ್ಷ ಬೆಲ್ ಪ್ರಯೋಗಾಲಯದವರು ಎಡಿಪಿಸಿಎಂನಲ್ಲಿ ಕೂಡಿಟ್ಟ ಮಾತಿನ ತುಣುಕುಗಳನ್ನು ಜೋಡಿಸಿ, ಏಕಕಾಲಕ್ಕೆ ಹಲವು ಫೋನ್ ಲೈನುಗಳಿಗೆ ಉತ್ತರ ಕೊಡುವ ಕಂಪ್ಯೂಟರನ್ನು ವಿವರಿಸಿದರು. ಇವತ್ತು ನಮ್ಮನ್ನು ಗೋಳುಹೊಯ್ಯುವ 'ಒಂದು ಒತ್ತಿ, ಎರಡು ಒತ್ತಿ' ಯಂತ್ರಗಳ ಅಜ್ಜ ಅದು. 1975ರಲ್ಲಿ ಡೇವಿಡ್ ಗುಡ್‌ಮನ್ ಮತ್ತು ವಿಲ್ಕಿನ್ಸನ್ ಜಯಂತರ ನಿಯಮದಲ್ಲಿದ್ದ ಒಂದು ನೋವಿನ ಜಾಗಕ್ಕೆ ಮದ್ದು ಹಚ್ಚಿದರು. ತಂತಿಯಲ್ಲಿ ಒಂದೇ ಒಂದು ಬಿಟ್ ತಪ್ಪಾಗಿ ಬಂದರೂ ಎರಡು ತುದಿಯ ಅಳತೆಗಳು ಬೇರೆಯಾಗುತ್ತವೆ, ಮುಂದೆ ಎಷ್ಟು ಸರಿಯಾಗಿ ಗುಣಿಸಿದರೂ ಆ ಅಂತರ ಹಾಗೇ ಉಳಿಯುತ್ತದೆ. ಹಳೆಯ ಅಳತೆಯ ಪ್ರಭಾವ ಪ್ರತಿ ಹೆಜ್ಜೆಗೂ ಚೂರುಚೂರೇ ಸವೆಯುವಂತೆ ಅವರು ಮಾಡಿದರು. ಹಳೆಯ ತಪ್ಪೂ ಅದರ ಜೊತೆ ಸವೆದುಹೋಗುತ್ತದೆ. 1984ರಲ್ಲಿ ಅಂತರರಾಷ್ಟ್ರೀಯ ಟೆಲಿಫೋನ್ ಮಂಡಳಿ 32,000 ಬಿಟ್‌ನ ಎಡಿಪಿಸಿಎಂ ಅನ್ನು ಜಿ.721 ಎಂಬ ಹೆಸರಿನಲ್ಲಿ ಒಪ್ಪಿತು. 64,000ದ ಸರೀ ಅರ್ಧ. ಒಂದು ಮಾತು ಹೋಗುತ್ತಿದ್ದ ಜಾಗದಲ್ಲಿ ಈಗ ಎರಡು.

ಜಪಾನಿನ ಓಕಿ ಎಲೆಕ್ಟ್ರಿಕ್ ಕಂಪನಿ ಪಟ್ಟಿಯ ವಿಧಾನವನ್ನು ಪುಟ್ಟ ಚಿಪ್‌ಗಳಲ್ಲಿ ಇಳಿಸಿತು. ಅವು ಮೊದಲು ಮನೆಮಾತಾದದ್ದು ವಿಡಿಯೋ ಆಟದ ಅಂಗಡಿಗಳಲ್ಲಿ. 1987ರ ಡಬಲ್ ಡ್ರ್ಯಾಗನ್ ಆಟದ ಗುದ್ದು, ಚೀರಾಟಗಳೆಲ್ಲ ಈ ನಾಲ್ಕು ಬಿಟ್‌ನವೇ. ಅಮೆರಿಕದ ಡಯಲಾಜಿಕ್ ಕಂಪನಿ ಕಂಪ್ಯೂಟರಿನೊಳಗೆ ಕೂರಿಸಿ ಫೋನ್ ಲೈನಿಗೆ ಜೋಡಿಸಬಹುದಾದ ಕಾರ್ಡುಗಳನ್ನು ಮಾರಿತು, ಅದರಲ್ಲೂ ಇದೇ ಪಟ್ಟಿ. ಆ ಕಾರ್ಡುಗಳು ಬರೆದಿಟ್ಟ ಫೈಲುಗಳೇ ವಾಕ್ಸ್.

ಈಗ ಎಡಿಟರ್ ಮೇಜಿನ ಮುಂದೆ ಕೂತು ನೋಡಿ. ಅವನು ಮಾಡಬೇಕಾದ ಮೊದಲ ಕೆಲಸ ಕತ್ತರಿಸುವುದು. ವಾಕ್ಸ್ ಫೈಲನ್ನು ಹಾಗೇ ಕತ್ತರಿಸಲು ಬರುವುದಿಲ್ಲ. 0111 ಎಂಬುದು 30ರ ಬೆಲೆಯದೋ 136ರದೋ ಎಂದು ತಿಳಿಯಲು ಅದರ ಹಿಂದಿನ ಎಲ್ಲವನ್ನೂ ಮೊದಲಿನಿಂದ ಬಿಡಿಸಿಕೊಂಡು ಬರಬೇಕು. ಕೇಳುವವನಿಗೆ ಬೇರೆ ಏನನ್ನೂ ಹೇಳದೆ ಉಳಿತಾಯ ಮಾಡಿದ್ದೇ ಇಲ್ಲಿ ತಿರುಗಿ ಕಚ್ಚುತ್ತದೆ. ಹತ್ತನೆಯ ನಿಮಿಷದಿಂದ ಒಂದು ತುಂಡು ಕಿತ್ತು ಎರಡನೆಯ ನಿಮಿಷಕ್ಕೆ ಅಂಟಿಸಿದರೆ ತುಂಡು ತನ್ನ ಹಿನ್ನೆಲೆಯನ್ನು ಕಳೆದುಕೊಂಡಿರುತ್ತದೆ. ಅಳತೆಯೇನೋ ಮಾತಿನ ನಡುವೆ ಮೌನ ಬಂದಾಗ ಪಟ್ಟಿಯ ತಳ ಮುಟ್ಟಿ ತಾನಾಗಿ ಸರಿಹೋಗುತ್ತದೆ. ಅಲೆಯ ಎತ್ತರ ಹಾಗಲ್ಲ. ಅದು ಕೂಡುತ್ತ ಬಂದ ಮೊತ್ತ; ಆರಂಭದಲ್ಲಿ ತಪ್ಪಿದರೆ ಇಡೀ ಅಲೆ ನಡುಗೆರೆ ಬಿಟ್ಟು ಮೇಲೋ ಕೆಳಗೋ ತೇಲುತ್ತ ಹೋಗುತ್ತದೆ. ವೇವ್ ಫೈಲಿನಲ್ಲಿ ಪ್ರತಿ ಸ್ಯಾಂಪಲ್ ಸ್ವತಂತ್ರ: 229 ಎಂದರೆ 229, ಹಿಂದೆ ಏನೇ ಇರಲಿ. ಎಲ್ಲಿ ಬೇಕಾದರೂ ಕತ್ತರಿ ಹಾಕಬಹುದು. ವೃತ್ತಿಪರ ಸಂಕಲನಕ್ಕೆ ಪಿಸಿಎಂ ವೇವ್ ಬೇಕು ಎಂದು ಪಟ್ಟು ಹಿಡಿಯುವುದು ಇದಕ್ಕೇ ಹೊರತು ಧ್ವನಿ ಉತ್ತಮವಾಗುತ್ತದೆ ಎಂದಲ್ಲ.

ಉತ್ತಮವಾಗುತ್ತದೆ ಎಂದು ನಂಬಿದವರು ಬೇಕಾದಷ್ಟು ಮಂದಿ ಇದ್ದಾರೆ. ಲೆಕ್ಕ ನೋಡಿದರೆ ನಂಬಿಕೆ ಹುಟ್ಟುವುದು ತಪ್ಪಲ್ಲ. ಸೆಕೆಂಡಿಗೆ 8000 ಸ್ಯಾಂಪಲ್ಲಿನ ವಾಕ್ಸ್ ಒಂದು ಗಂಟೆಗೆ 14.4 ಮೆಗಾಬೈಟ್. ಅದನ್ನು 48,000 ಸ್ಯಾಂಪಲ್, 24 ಬಿಟ್‌ನ ಸ್ಟುಡಿಯೋ ವೇವ್ ಮಾಡಿದರೆ 518.4 ಮೆಗಾಬೈಟ್, ಮೂವತ್ತಾರು ಪಟ್ಟು. ಅಷ್ಟು ಜಾಗದಲ್ಲಿ ಹೊಸದಾಗಿ ಒಂದು ಅಕ್ಷರವೂ ಬಂದು ಸೇರಿರುವುದಿಲ್ಲ. ಟೆಲಿಫೋನ್ ಸೋಸಿ ಬಿಸಾಡಿದ 'ಸ', 'ಶ'ಗಳ ಮೇಲ್ತುದಿ ಹೋದದ್ದು ಹೋಯಿತು. ಬಿಡಿಸುವ ಯಂತ್ರ ಕೊಡುವುದು 12 ಬಿಟ್‌ನ ಬೆಲೆ; ಅದನ್ನು 16ಕ್ಕೆ ಎತ್ತಲು ಹದಿನಾರರಿಂದ ಗುಣಿಸಬೇಕು, ಮರೆತರೆ ದನಿ ಬಾವಿಯೊಳಗಿಂದ ಬಂದಷ್ಟು ಸಣ್ಣಗೆ ಕೇಳುತ್ತದೆ. ನನ್ನ ಪ್ರಕಾರ ಒಳ್ಳೆಯ ಕ್ರಮ ಇದು: ಮೊದಲು 8000 ಸ್ಯಾಂಪಲ್, 16 ಬಿಟ್‌ನ ವೇವ್ ಆಗಿ ಇದ್ದದ್ದು ಇದ್ದಂತೆ ಬಿಡಿಸಿಕೊಳ್ಳುವುದು, ಆಮೇಲೆ ಅದರ ಪ್ರತಿಯಿಂದ ಸ್ಟುಡಿಯೋದ ಲೆಕ್ಕಕ್ಕೆ ಏರಿಸುವುದು, ಮೂಲ ವಾಕ್ಸ್ ಅನ್ನು ಎಸೆಯದಿರುವುದು. ಕಚೇರಿಗಳು ಜಾಗ ಉಳಿಸಲೆಂದು ನೇರ ಎಂಪಿ3ಗೆ ತಿರುಗಿಸಿಬಿಡುತ್ತವೆ. ನಾಲ್ಕು ಬಿಟ್‌ನ ಒರಟಿನ ಮೇಲೆ ಇನ್ನೊಂದು ಹಿಂಡುವಿಕೆಯ ಒರಟು ಕೂತು, ಮುಂದೆ ಶುಚಿ ಮಾಡುವವನಿಗೆ ಯಾವುದು ಯಾರ ತಪ್ಪೆಂದೇ ತಿಳಿಯದಂತಾಗುತ್ತದೆ.

ಇಷ್ಟಾದ ಮೇಲೂ ಒಂದು ಒಗಟು ಉಳಿಯುತ್ತದೆ. ಡಯಲಾಜಿಕ್ ಕಾರ್ಡುಗಳು ಸೆಕೆಂಡಿಗೆ 8000 ಸ್ಯಾಂಪಲ್ಲಿನಂತೆಯೂ ಬರೆಯುತ್ತಿದ್ದವು, 6000ದಂತೆಯೂ ಬರೆಯುತ್ತಿದ್ದವು. ಯಾವುದೆಂದು ಫೈಲಿನಲ್ಲಿ ಬರೆದಿರುವುದಿಲ್ಲ. 6000ದ್ದನ್ನು 8000ದಂತೆ ಬಿಡಿಸಿದರೆ ಮಾತು ಮೂರರಲ್ಲಿ ಒಂದು ಪಾಲು ಬೇಗ ಓಡುತ್ತದೆ, ಗಂಡಸಿನ ದನಿ ಹೆಂಗಸಿನದಾಗುತ್ತದೆ. ಪರಿಚಿತರ ದನಿಯಾದರೆ ತಕ್ಷಣ ಗೊತ್ತಾಗುತ್ತದೆ. ಅಪರಿಚಿತರದಾದರೆ, ಅದರಲ್ಲೂ ಮಾತಾಡುವವರು ಮೊದಲೇ ಗಡಿಬಿಡಿಯವರಾದರೆ, ಕಿವಿ ಮೋಸಹೋಗುತ್ತದೆ.

ಆಗ ನೆರವಿಗೆ ಬರುವುದು ಫೋನಿನ ಕೀಲಿಗಳ ಸದ್ದು. ಪ್ರತಿ ಕೀಲಿ ಒತ್ತಿದಾಗಲೂ ಎರಡು ಸ್ವರಗಳು ಒಟ್ಟಿಗೆ ಮೊಳಗುತ್ತವೆ, ಅವುಗಳ ಕಂಪನ ಜಗತ್ತಿನಾದ್ಯಂತ ಒಂದೇ. 1ರ ಕೀಲಿಗೆ ಸೆಕೆಂಡಿಗೆ 697 ಮತ್ತು 1209 ಕಂಪನ. ಧ್ವನಿಮುದ್ರಣದಲ್ಲಿ ಎಲ್ಲಾದರೂ ಯಾರಾದರೂ ಕೀಲಿ ಒತ್ತಿದ್ದರೆ – 'ಒಂದು ಒತ್ತಿ' ಯಂತ್ರಗಳ ಫೈಲಿನಲ್ಲಿ ಒತ್ತದೆ ಇರುವುದುಂಟೇ – ಆ ಸ್ವರಗಳನ್ನು ತಂತ್ರಾಂಶದಲ್ಲಿ ಅಳೆದರೆ ಸಾಕು. 6000ದ ಫೈಲನ್ನು ತಪ್ಪಾಗಿ 8000ದಂತೆ ಬಿಡಿಸಿದ್ದರೆ 697 ಏರಿ 929 ಆಗಿರುತ್ತದೆ, 1209 ಏರಿ 1612. ಕೀಲಿ ಗುರುತಿಸುವ ಯಂತ್ರಗಳಿಗೆ ನೂರಕ್ಕೆ ಒಂದೂವರೆಯಷ್ಟು ಹೆಚ್ಚುಕಡಿಮೆ ಲೆಕ್ಕಕ್ಕಿಲ್ಲ. ಹಾಗಾಗಿ ಅವು ಈ ಜೋಡಿಯನ್ನು 941 ಮತ್ತು 1633 ಎಂದು ಓದಿಬಿಡಬಹುದು. ಆ ಜೋಡಿಯೂ ಒಂದು ಕೀಲಿಯದೇ: ಅಮೆರಿಕದ ಸೈನ್ಯದ ಫೋನುಗಳಲ್ಲಿ ಬಲಗಡೆಗೆ ಇದ್ದ ನಾಲ್ಕನೆಯ ಸಾಲಿನ ಕೊನೆಯ 'ಡಿ' ಕೀಲಿ. ಬ್ಯಾಂಕಿಗೋ ಗ್ಯಾಸ್ ಏಜೆನ್ಸಿಗೋ ಫೋನ್ ಮಾಡಿದ ಗ್ರಾಹಕರು ಸಾಲುಸಾಲಾಗಿ 'ಡಿ' ಒತ್ತಿದ್ದಾರೆ ಎಂದು ತಂತ್ರಾಂಶ ಹೇಳಿದರೆ, ಎಡಿಟರ್ 8000 ಎಂದು ಬರೆದದ್ದನ್ನು ಹೊಡೆದುಹಾಕಿ 6000 ಎಂದು ಬರೆದು, ಮೊದಲ ಬೈಟ್‌ನಿಂದ ಮತ್ತೆ ಬಿಡಿಸಲು ಕೂರುತ್ತಾನೆ.